ಆಂಪ್ ಬೇಕಾ, ಬೇಡ್ವಾ? ಹೆಡ್‌ಫೋನ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೆಡ್‌ಫೋನು, ಆಂಪ್ಲಿಫೈಯರು, ದುಡ್ಡು ಕಮ್ಮಿ, ಇಷ್ಟೇ ಸುತ್ತ ಇದಾವೆ. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್, ನಮಸ್ತೆ. ನಾನು ದಾವಣಗೆರೆಲಿ ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲಲ್ಲಿದೀನಿ. ಸ್ಕಾಲರ್‌ಶಿಪ್ ದುಡ್ಡಲ್ಲಿ ಎಂಟು ಸಾವಿರ ಎತ್ತಿಟ್ಟಿದೀನಿ ಒಳ್ಳೆ ಹೆಡ್‌ಫೋನ್ ತಗೊಳೋಣ ಅಂತ. ನಮ್ಮ ಸೀನಿಯರ್ ಒಬ್ರು ಆಂಪ್ ಇಲ್ದೆ ಹೆಡ್‌ಫೋನ್ ತಗೊಂಡ್ರೆ ವೇಸ್ಟು, ಅರ್ಧ ದುಡ್ಡು ಆಂಪಿಗೆ ಹಾಕು ಅಂತಾರೆ. ಫೋನಲ್ಲಿ ಜ್ಯಾಕ್ ಇಲ್ಲ. ಲ್ಯಾಪ್‌ಟಾಪಲ್ಲಿ ಇದೆ, ಆದ್ರೆ ಚಾರ್ಜರ್ ಹಾಕಿದ ತಕ್ಷಣ ಗುಂಯ್ ಅಂತ ಸದ್ದು ಬರುತ್ತೆ. ಏನ್ ಮಾಡ್ಲಿ?

ಉತ್ತರ: ನಿಮ್ಮ ಸೀನಿಯರ್ ಮಾತು ಪೂರ್ತಿ ಸುಳ್ಳಲ್ಲ, ಆದ್ರೆ ಅದು ನಿಮಗೆ ಹೇಳೋ ಮಾತಲ್ಲ. ಸೆನ್‌ಹೈಸರ್ ಎಚ್‌ಡಿ 600 ಥರದ ಹೆಡ್‌ಫೋನ್ ಇದಾವಲ್ಲ, 300 ಓಮ್‌ದು (ಓಮ್ ಅಂದ್ರೆ ಕರೆಂಟಿಗೆ ಹೆಡ್‌ಫೋನ್ ಒಡ್ಡೋ ತಡೆಯ ಅಳತೆ), ಅಂಥವಕ್ಕೆ ವೋಲ್ಟೇಜ್ ಜಾಸ್ತಿ ಬೇಕಾಗುತ್ತೆ, ಅದು ಕೆಲವು ಫೋನ್‌ಗಳಲ್ಲಿ ಸಿಗಲ್ಲ, ಆಂಪ್ ಬೇಕು ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಅದನ್ನೇ ಜನ ಎಲ್ಲಾ ಹೆಡ್‌ಫೋನಿಗೂ ಅಂಟಿಸಿಬಿಟ್ರು. ನೀವು ಎಂಟು ಸಾವಿರದೊಳಗೆ ತಗೊಳೋ ಹೆಚ್ಚುಕಮ್ಮಿ ಎಲ್ಲವೂ 16 ಓಮ್‌ನಿಂದ 60 ಓಮ್ ಒಳಗೆ ಬರ್ತವೆ, ಅವನ್ನ ಫೋನು, ಲ್ಯಾಪ್‌ಟಾಪಲ್ಲಿ ಓಡಿಸಬೇಕು ಅಂತಾನೇ ಮಾಡಿರೋದು.

ಇಂಜಿನಿಯರಿಂಗ್ ಅಂದ್ರಲ್ಲ, ಹಾಗಾಗಿ ಲೆಕ್ಕಾನೇ ಹಾಕೋಣ. ಡಬ್ಬದ ಮೇಲೆ ಎರಡು ಸಂಖ್ಯೆ ನೋಡಿ, ಒಂದು ಓಮ್, ಇನ್ನೊಂದು ಸೆನ್ಸಿಟಿವಿಟಿ, ಅಂದ್ರೆ ಇಷ್ಟು ಪವರಿಗೆ ಎಷ್ಟು ಜೋರು ಅನ್ನೋದು. 32 ಓಮ್, 1 ಮಿಲಿವ್ಯಾಟ್‌ಗೆ 100 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಅಂತ ಬರೆದಿದೆ ಅಂದ್ಕೊಳ್ಳಿ. 32 ಓಮ್‌ಗೆ 1 ಮಿಲಿವ್ಯಾಟ್ ಕೊಡೋಕೆ ಬೇಕಾಗಿರೋದು ಸುಮಾರು 0.18 ವೋಲ್ಟ್ ಅಷ್ಟೇ. ಸಾವಿರ ರೂಪಾಯಿ ಆಸುಪಾಸಿನ ಒಂದು ಟೈಪ್-ಸಿ ಡಾಂಗಲ್ (ಟೈಪ್-ಸಿ ತೂತಿಗೆ ಸಿಕ್ಕಿಸಿದ್ರೆ ಹೆಡ್‌ಫೋನ್ ಜ್ಯಾಕ್ ಕೊಡೋ ಪುಟ್ಟ ಸಾಧನ) 1 ವೋಲ್ಟ್ ಕೊಡುತ್ತೆ ಅಂದ್ರೆ ಅದು 31 ಮಿಲಿವ್ಯಾಟ್ ಆಯ್ತು, ಹತ್ತು ಪಟ್ಟು ಪವರಿಗೆ 10 ಡಿಬಿ ಲೆಕ್ಕದಲ್ಲಿ ಹೆಚ್ಚುಕಮ್ಮಿ 15 ಡಿಬಿ ಏರುತ್ತೆ, ಒಟ್ಟು 115 ಡಿಬಿ. ಅಷ್ಟು ಜೋರಾಗಿ ಹಾಡು ಕೇಳಿದ್ರೆ ಕಿವಿ ಹೋಗುತ್ತೆ. ನಾವು ಮಾಮೂಲಿ ಕೇಳೋದು 70-75 ಡಿಬಿಲಿ. ಹಾಗಿರೋವಾಗ ನಾಲ್ಕು ಸಾವಿರದ ಆಂಪ್ ತಂದು ಇನ್ನೂ ಏನು ಏರಿಸ್ತೀರಾ? ಡಾಂಗಲ್ ಒಳಗಿರೋದೂ ಆಂಪೇ, ಚಿಕ್ಕದು ಅಷ್ಟೇ.

ಆಂಪ್ ಹಾಕಿದ್ರೆ ಬೇಸ್ ಗಟ್ಟಿಯಾಗುತ್ತೆ, ದನಿ ಬಿಚ್ಕೊಳ್ಳುತ್ತೆ ಅಂತಾರೆ ಕೆಲವರು. ಎರಡರ ವಾಲ್ಯೂಮ್ ಸರಿಯಾಗಿ ಸಮ ಮಾಡಿ, ಯಾವುದು ಓಡ್ತಿದೆ ಅಂತ ಹೇಳದೆ ಕೇಳಿಸಿ ನೋಡಿ, ಹೆಚ್ಚಿನವರು ಗುರುತಿಸಲ್ಲ. ಸ್ವಲ್ಪ ಜೋರಾಗಿ ಓಡೋದು ಯಾವಾಗ್ಲೂ ಚೆನ್ನಾಗೇ ಕೇಳಿಸುತ್ತೆ, ಅಂಗಡಿಯವ್ರಿಗೆ ಇದು ಚೆನ್ನಾಗಿ ಗೊತ್ತು. ಅದೇ ಹೆಡ್‌ಫೋನ್ ಬದಲಾಯಿಸಿ ನೋಡಿ, ಸಂಗೀತದ ಗಂಧಗಾಳಿ ಇಲ್ದಿರೋ ನಿಮ್ಮ ರೂಮ್‌ಮೇಟೂ ಬೇರೆ ಥರ ಕೇಳಿಸ್ತಿದೆ ಅಂತಾನೆ. ಸಾರಿಗೆ ಉಪ್ಪಿಲ್ಲ ಅಂದ್ರೆ ಬೆಳ್ಳಿ ತಟ್ಟೇಲಿ ಬಡಿಸಿದ್ರೆ ಸರಿ ಹೋಗುತ್ತಾ? ದುಡ್ಡು ಹೋಗಬೇಕಾಗಿರೋದು ಕಿವಿ ಮೇಲೆ ಕೂರೋ ವಸ್ತುಗೆ.

ಈಗ ಗುಂಯ್ ಸದ್ದು. ಅದು ಲ್ಯಾಪ್‌ಟಾಪ್ ಒಳಗಿನ ಎಲೆಕ್ಟ್ರಿಕಲ್ ಗಲಾಟೆ. ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಮೆಟಲ್ ಬಾಡಿ ಮೇಲೆ ಬೆರಳ ಹಿಂಬದಿ ಮೆತ್ತಗೆ ಸವರಿ ನೋಡಿ, ಜುಮ್ ಅಂತ ಅದುರಿದ ಹಾಗೆ ಆಗುತ್ತಾ? ಹಾಗಾದ್ರೆ ಸಾಕೆಟ್ಟಲ್ಲಿ ಅರ್ಥಿಂಗ್ ಇಲ್ಲ, ಇಲ್ಲಾ ನಿಮ್ಮ ಚಾರ್ಜರ್ ಎರಡು ಪಿನ್ನಿಂದು. ಹಾಸ್ಟೆಲ್‌ಗಳಲ್ಲಿ ಮೂರನೇ ತೂತು ಬರೀ ಶೋಕಿಗೆ ಇರೋದು ಹೊಸದೇನಲ್ಲ, ವಾರ್ಡನ್ನಿಗೆ ಹೇಳಿ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಹಾಡಿಗಿಂತ ಅದು ಮುಖ್ಯ. ಆ ಜ್ಯಾಕಿಗೆ ಆಂಪ್ ಸಿಕ್ಕಿಸಿದ್ರೆ ಹಾಡಿನ ಜೊತೆ ಗುಂಯ್ ಕೂಡ ದೊಡ್ಡದಾಗುತ್ತೆ, ಅಷ್ಟೇ ಲಾಭ. ಡಾಂಗಲ್ ಆದ್ರೆ ಯುಎಸ್‌ಬಿಲಿ ಡಿಜಿಟಲ್ ಡೇಟಾ ತಗೊಂಡು ಲ್ಯಾಪ್‌ಟಾಪ್ ಒಳಗಿನ ಸೌಂಡ್ ಸರ್ಕ್ಯೂಟ್ ಬಿಟ್ಟು ಹೊರಗೆ ತಾನೇ ದನಿ ಮಾಡುತ್ತೆ, ಸದ್ದು ಬಹುಪಾಲು ಅಲ್ಲೇ ನಿಲ್ಲುತ್ತೆ. ಜ್ಯಾಕ್ ಇಲ್ಲದ ನಿಮ್ಮ ಫೋನಿಗೂ ಅದೇ ಡಾಂಗಲ್ ಆಗುತ್ತೆ. ಆಪಲ್ ಡಾಂಗಲ್ ಒಳ್ಳೇದೇ, ಆದ್ರೆ ಸುಮಾರು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ಏರಲ್ಲ, ಕೊನೆ ತನಕ ಒತ್ತಿದ್ರೂ ಪಿಸುಪಿಸು ಅಂತಿರುತ್ತೆ, ಹಾಗಾಗಿ ಆಂಡ್ರಾಯ್ಡಿಗೆ ಬೇರೆ ಕಂಪನೀದು ನೋಡಿ.

ಏನು ತಗೋಬೇಕು ಅಂದ್ರೆ, ನಾನಾಗಿದ್ರೆ ಎಂಟು ಸಾವಿರಾನೂ ಖರ್ಚು ಮಾಡ್ತಿರ್ಲಿಲ್ಲ. ಹಾಸ್ಟೆಲಲ್ಲಿ ಪಕ್ಕದವನು ನಿದ್ದೆ ಮಾಡ್ತಿರ್ತಾನೆ, ಫ್ಯಾನ್ ಕಿರಗುಟ್ತಿರುತ್ತೆ, ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರೋದು) ತಗೊಂಡ್ರೆ ನಿಮ್ಮ ಹಾಡು ಅವನಿಗೆ, ಅವನ ಗೊರಕೆ ನಿಮಗೆ. ಎರಡು ಸಾವಿರದ ಆಸುಪಾಸಲ್ಲಿ ಮೂನ್‌ಡ್ರಾಪ್ ಚು 2, ಸೆವೆನ್ ಹರ್ಟ್ಜ್ ಝೀರೋ ಅಂತ ಕಿವಿ ಒಳಗೆ ಕೂರೋ ವೈರ್ಡ್ ಇಯರ್‌ಫೋನ್ ಇದಾವೆ, ಆ ರೇಟಿಗೆ ಅಂಥ ಸಮತೂಕದ ದನಿ ಕೊಡೋ ದೊಡ್ಡ ಹೆಡ್‌ಫೋನ್ ಸಿಗೋದೇ ಕಷ್ಟ. ಎರಡರಲ್ಲೂ ವೈರು ಬಿಚ್ಚಿ ಬದಲಾಯಿಸಬಹುದು, ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಇಯರ್‌ಫೋನ್ ಸಾಯೋದು ಸ್ಪೀಕರ್ ಕೆಟ್ಟು ಅಲ್ಲ, ಜ್ಯಾಕಿನ ಹತ್ರ ವೈರು ಒಳಗೇ ಕತ್ತರಿಸಿಹೋಗಿ. ಕಿವಿ ಒಳಗೆ ಹಾಕ್ಕೊಳೋದು ಆಗಲ್ಲ ಅಂದ್ರೆ ಆಡಿಯೋ ಟೆಕ್ನಿಕಾ ಎಂ20ಎಕ್ಸ್ ನೋಡಿ, ಕ್ಲೋಸ್ಡ್, 47 ಓಮ್, ಡಾಂಗಲಲ್ಲಿ ಆರಾಮಾಗಿ ಓಡುತ್ತೆ. ಜೊತೆಗೆ ಲ್ಯಾಪ್‌ಟಾಪಿಗೆ ಈಕ್ವಲೈಸರ್ ಎಪಿಓ, ಆಂಡ್ರಾಯ್ಡಿಗೆ ವೇವ್‌ಲೆಟ್ ಅನ್ನೋ, ದನಿಯ ಬೇಸು ಗೀಸು ಏರಿಸಿ ಇಳಿಸೋ ಆಪ್‌ಗಳನ್ನ ಹಾಕ್ಕೊಳ್ಳಿ. ಬೇಸ್ ಜಾಸ್ತಿ, ಸ ಸ ಅನ್ನೋದು ಚುಚ್ಚುತ್ತೆ ಅನ್ನೋ ದೂರುಗಳಿಗೆಲ್ಲ ಔಷಧ ಅಲ್ಲಿದೆ, ಆಂಪಲ್ಲಿ ಇಲ್ಲ.

ಪ್ರಶ್ನೆ: ಸರ, ನಮಸ್ಕಾರ್ರಿ. ನಾ ಧಾರವಾಡದಾಗ ಹಿಂದೂಸ್ತಾನಿ ಗಾಯನ ಕಲಿಯಾಕತ್ತೇನ್ರಿ. ನಮ್ಮ ಮಾಮಾ ಜರ್ಮನಿಯಿಂದ ಬರೂಮುಂದ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತಂದುಕೊಟ್ಟಾರ್ರಿ, ಡಬ್ಬಿ ಮ್ಯಾಲೆ 250 ಓಮ್ ಅಂತ ಬರದೈತಿ. ಫೋನಿಗೆ ಹಚ್ಚಿದ್ರ ದನಿ ಭಾಳ ಸಣ್ಣ ಬರ್ತೈತ್ರಿ, ಹಳೇ ರೆಕಾರ್ಡಿಂಗ್ ಅಂತೂ ಕೇಳಸೂದ ಇಲ್ಲ. ಕೆಟ್ಟೈತೇನ್ರಿ ಅದು?

ಉತ್ತರ: ಕೆಟ್ಟಿಲ್ಲ ತಂಗಿ (ತಮ್ಮ ಆಗಿದ್ರೆ ಬೇಜಾರು ಮಾಡ್ಕೋಬೇಡಿ, ಕಾಗದದಲ್ಲಿ ಹೆಸರಿರಲಿಲ್ಲ). ಅದೇ ಹೆಡ್‌ಫೋನು 32, 80, 250 ಓಮ್ ಅಂತ ಮೂರು ಥರ ಬರುತ್ತೆ, ಸುರುಳಿ ಸುರುಳಿ ಟೆಲಿಫೋನ್ ವೈರಿನ ಥರದ್ದು ಬಂದಿರಬೇಕು ನಿಮಗೆ, ಅದು ಸ್ಟುಡಿಯೋದಲ್ಲಿ ದೊಡ್ಡ ಮಿಕ್ಸರಿಗೆ ಸಿಕ್ಕಿಸೋಕೆ ಅಂತ ಮಾಡಿರೋದು. ಮೇಲಿನ ದಾವಣಗೆರೆಯವರ ಸೀನಿಯರ್ ಹೇಳಿದ ಮಾತು ನಿಜ ಆಗೋದು ಇಂಥ ಕಡೆ. ಇದಕ್ಕೆ 1 ಮಿಲಿವ್ಯಾಟ್ ಕೊಡೋಕೇ ಅರ್ಧ ವೋಲ್ಟ್ ಬೇಕು, ಆಗ ಬರೋದು 96 ಡಿಬಿ. ನಿಮ್ಮ ಫೋನಿನ ಜ್ಯಾಕ್ ಅರ್ಧ ವೋಲ್ಟಿಗೇ ಸುಸ್ತಾಗೋ ಥರದ್ದಿದ್ರೆ ಅಲ್ಲಿಗೆ ಮುಗೀತು. 96 ಸಾಲದಾ ಅಂತ ಕೇಳಬಹುದು. ಅದು ಹಾಡಿನ ಅತಿ ಜೋರಾದ ಕ್ಷಣದ ಲೆಕ್ಕ. ಈಗಿನ ಸಿನಿಮಾ ಹಾಡುಗಳನ್ನ ಮೊದಲಿಂದ ಕೊನೆ ತನಕ ಒಂದೇ ಜೋರಲ್ಲಿ ಒತ್ತಿಟ್ಟಿರ್ತಾರೆ, ಅವು ನಿಮ್ಮ ಫೋನಲ್ಲೂ ಪರವಾಗಿಲ್ಲ ಅನ್ನೋ ಹಾಗೆ ಕೇಳ್ತವೆ. ಖಯಾಲ್ ಹಾಗಲ್ಲ, ವಿಲಂಬಿತದ (ನಿಧಾನಗತಿಯ) ಆಲಾಪ ವೇಗದ ತಾನದ ಜೋರಿಗಿಂತ ಎಷ್ಟೋ ಕೆಳಗಿರುತ್ತೆ, ಹಳೇ ರೇಡಿಯೋ ರೆಕಾರ್ಡಿಂಗ್ ಆದ್ರೆ ಇಡೀ ಫೈಲೇ ಮೆತ್ತಗೆ. ನಿಮಗೆ ಕೇಳಿಸದೇ ಹೋಗ್ತಿರೋದು ಅದೇ.

ಮೊದಲು 1 ವೋಲ್ಟ್ ಕೊಡೋ ಡಾಂಗಲ್ ಒಂದು ಯಾರ ಹತ್ರನಾದ್ರೂ ಇಸ್ಕೊಂಡು ನೋಡಿ, 6 ಡಿಬಿ ಏರುತ್ತೆ, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತೆ. ಸಾಲ್ಲಿಲ್ಲ ಅಂದ್ರೆ 2 ವೋಲ್ಟ್ ಕೊಡೋದನ್ನ ಹುಡುಕಿ, ಇನ್ನೊಂದು 6 ಡಿಬಿ ಬರುತ್ತೆ. ತಗೊಳೋವಾಗ ಬರೀ 'ಹೈ ರೆಸ್' ಅಂತ ಬಂಗಾರದ ಸ್ಟಿಕ್ಕರ್ ನೋಡಬೇಡಿ, ಔಟ್‌ಪುಟ್ ಎಷ್ಟು ವೋಲ್ಟ್ ಅಂತ ಕೇಳಿ, ಮಿಲಿವ್ಯಾಟಲ್ಲಿ ಹೇಳಿದ್ರೆ ಎಷ್ಟು ಓಮ್‌ಗೆ ಅಂತ ಕೇಳಿ. 32 ಓಮ್‌ಗೆ ದೊಡ್ಡ ಅಂಕಿ ಹಾಕ್ಕೊಂಡಿರೋದು 250 ಓಮ್‌ಗೆ ಅಷ್ಟು ಕೊಡಲ್ಲ. ಮುಂದೆ ನಿಮ್ಮ ಹಾಡನ್ನ ನೀವೇ ರೆಕಾರ್ಡ್ ಮಾಡೋ ಯೋಚನೆ ಇದ್ರೆ ಮಾತ್ರ ಸ್ವಲ್ಪ ಕಾದು, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಥರದ ಆಡಿಯೋ ಇಂಟರ್‌ಫೇಸೇ ತಗೊಳ್ಳಿ, ಮೈಕಿಗೂ ಆಗುತ್ತೆ, ಹೆಡ್‌ಫೋನ್ ಔಟೂ ಇರುತ್ತೆ, ಎರಡು ಕಡೆ ಖರ್ಚು ತಪ್ಪುತ್ತೆ.

ಪ್ರಶ್ನೆ: ನಾನು ಹಾಸನದಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ತಿದೀನಿ. ಬೆಂಗಳೂರು ಎಸ್‌.ಪಿ. ರೋಡಲ್ಲಿ ಪಿಎಎಂ8403 ಅನ್ನೋ ಆಂಪ್ ಬೋರ್ಡ್ ಚೀಪಾಗಿ ಸಿಕ್ತು. ಅದನ್ನೇ ಹೆಡ್‌ಫೋನ್ ಆಂಪ್ ಮಾಡ್ಕೊಬಹುದಾ?

ಉತ್ತರ: ದಯವಿಟ್ಟು ಬೇಡ. ಅದು ಸ್ಪೀಕರಿಗೆ ಮಾಡಿರೋ ಬೋರ್ಡು, ಬ್ರಿಡ್ಜ್ ಔಟ್‌ಪುಟ್. ಅಂದ್ರೆ ಎಡದ ಪ್ಲಸ್, ಎಡದ ಮೈನಸ್, ಬಲದ ಪ್ಲಸ್, ಬಲದ ಮೈನಸ್ ನಾಲ್ಕರಲ್ಲೂ ಸಿಗ್ನಲ್ ಇರುತ್ತೆ, ಮೈನಸ್ ಅಂದ್ರೆ ಗ್ರೌಂಡ್ ಅಲ್ಲ. ಹೆಡ್‌ಫೋನ್ ಜ್ಯಾಕಲ್ಲಿ ಮೂರೇ ಉಂಗುರ, ಎಡ ಬಲ ಎರಡರ ಮೈನಸ್ಸೂ ಒಂದೇ. ನೀವು ಎರಡು ಮೈನಸ್ ಸೇರಿಸಿ ಬೆಸುಗೆ ಹಾಕಿದ್ರೆ ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್, ಮೈನಸ್ ಬಿಟ್ಟು ಗ್ರೌಂಡಿಗೆ ಕೊಟ್ರೆ ಹೆಡ್‌ಫೋನ್ ಕಾಯಿಲಿಗೆ ಡಿಸಿ. ಟಿಪಿಎ3116 ಬೋರ್ಡಿನದ್ದೂ ಇದೇ ಕಥೆ. ಇದೆಲ್ಲಾ ದಾಟಿ ಹೇಗೋ ಓಡಿಸಿದ್ರೂ ಸೂಕ್ಷ್ಮ ಇಯರ್‌ಫೋನಲ್ಲಿ ಹಾಡಿಗಿಂತ ಮೊದಲು ಸುಯ್ ಅನ್ನೋದೇ ಕೇಳುತ್ತೆ.

ಕೈ ಕಡೀತಿದ್ರೆ ಸೀಮೋಯ್ ಅಂತ ಒಂದು ಹಳೇ ಸರ್ಕ್ಯೂಟ್ ಇದೆ, ಪೆಪ್ಪರ್‌ಮಿಂಟ್ ತಗಡಿನ ಡಬ್ಬೀಲಿ ಕೂರಿಸ್ತಿದ್ರು, ಅದನ್ನ ಮಾಡಿ. ಒಂದು ಡ್ಯುಯಲ್ ಆಪ್-ಆಂಪು (ಎರಡು ಆಂಪ್ ಇರೋ ಚಿಪ್ಪು), ಒಂದು 9 ವೋಲ್ಟ್ ಬ್ಯಾಟರಿ, ಎರಡು ರೆಸಿಸ್ಟರಲ್ಲಿ ವೋಲ್ಟೇಜ್ ಅರ್ಧ ಮಾಡಿ ನಡುವಿನ ಪಾಯಿಂಟನ್ನ ಗ್ರೌಂಡ್ ಮಾಡ್ಕೊಳೋದು, ಎರಡು ಕೆಪಾಸಿಟರು, ಒಂದು ವಾಲ್ಯೂಮ್ ಕಂಟ್ರೋಲ್. ಆ ಚಿಪ್ಪಾಗಿ ಎನ್‌ಇ5532 ಹಾಕಿದ್ರೆ ಧಾರವಾಡದವರ 250 ಓಮ್ ಹೆಡ್‌ಫೋನಿಗೆ ಸರಿಹೋಗುತ್ತೆ, 16, 32 ಓಮ್‌ಗೆ ಕರೆಂಟ್ ಸಾಲದೆ ಒದ್ದಾಡುತ್ತೆ. ಮುಗಿದ ಮೇಲೆ ಹೆಡ್‌ಫೋನ್ ಸಿಕ್ಕಿಸೋ ಮುಂಚೆ ಮಲ್ಟಿಮೀಟರಲ್ಲಿ ಔಟ್‌ಪುಟ್ ಡಿಸಿ ಅಳೀರಿ, ಕೆಲವು ಮಿಲಿವೋಲ್ಟ್ ಆದ್ರೆ ಸರಿ, ನೂರು ಗೀರು ತೋರಿಸಿದ್ರೆ ಏನೋ ತಪ್ಪಾಗಿದೆ. ಮೊದಲ ಸಲ ಕಾಲೇಜಿನ ಯಾವುದಾದ್ರೂ ಹಳೇ ಇಯರ್‌ಫೋನಲ್ಲೇ ಟೆಸ್ಟ್ ಮಾಡಿ.

ಪ್ರಶ್ನೆ: ಮಂಗಳೂರಲ್ಲಿ ಪಿಜಿಲಿ ಇದ್ದೇನೆ. ಹೆಡ್‌ಫೋನಿನ ಕುಶನ್ ವರ್ಷ ಆಗುವ ಮೊದಲೇ ಸಿಪ್ಪೆ ಎದ್ದು ಕಿವಿಗೆಲ್ಲ ಕಪ್ಪು ಅಂಟ್ತದೆ ಮಾರಾಯ್ರೆ. ಹೊಸತು ತಗೊಳ್ಳುವುದಾ?

ಉತ್ತರ: ಹೆಡ್‌ಫೋನ್ ಸರಿ ಇದ್ರೆ ಕುಶನ್ ಮಾತ್ರ ಬದಲಾಯಿಸಿ. ಆ ರೆಕ್ಸಿನ್ ಥರದ ಬಟ್ಟೆ ಬೆವರಿಗೂ ಕರಾವಳಿಯ ತೇವಕ್ಕೂ ತಡೆಯಲ್ಲ. ಬಟ್ಟೆಯ ಕುಶನ್, ವೆಲ್ವೆಟ್ ಕುಶನ್ ಸಿಗುತ್ತೆ, ಸೆಖೆ ಕಮ್ಮಿ, ಸಿಪ್ಪೆ ಏಳಲ್ಲ, ಆದ್ರೆ ಬೇಸ್ ಸ್ವಲ್ಪ ಇಳಿಯುತ್ತೆ, ಹೊರಗಿನ ಸದ್ದೂ ಜಾಸ್ತಿ ಒಳಗೆ ಬರುತ್ತೆ. ಒಳಗಳತೆ ನೋಡಿ ತಗೊಳ್ಳಿ. ಮಳೆಗಾಲದಲ್ಲಿ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿಡಿ.

ಪ್ರಶ್ನೆ: ತುಮಕೂರಿಂದ ಬರೀತಿದೀನಿ, ಮಗ ಪಿಯುಸಿ. ಓದೋವಾಗ್ಲೂ ಬಸ್ಸಲ್ಲೂ ಕಿವೀಲಿ ಅದೇ. ಈಗ ಆಂಪ್ ಬೇಕು ಅಂತ ಹಟ. ಕಿವಿಗೆ ತೊಂದರೆ ಇಲ್ವಾ?

ಉತ್ತರ: ತೊಂದರೆ ಆಂಪಿಂದ ಅಲ್ಲಮ್ಮಾ, ಎಷ್ಟು ಜೋರು, ಎಷ್ಟು ಹೊತ್ತು ಅನ್ನೋದರಿಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡಿಬಿಲಿ. 3 ಡಿಬಿ ಏರಿಸಿದ್ರೆ ಹೊತ್ತು ಅರ್ಧ ಆಗುತ್ತೆ, ಅಂದ್ರೆ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5 ಗಂಟೆ. ಬಸ್ಸಿನ ಸದ್ದನ್ನ ಮುಚ್ಚೋಕೆ ಮಕ್ಕಳು ತಮಗೇ ಗೊತ್ತಿಲ್ದೆ ವಾಲ್ಯೂಮ್ ಏರಿಸ್ತಾರೆ, ಹಾಳಾಗೋದು ಹೆಚ್ಚಾಗಿ ಅಲ್ಲೇ. ಆಂಪ್ ಬದಲು ಕಿವಿಗೆ ಸರಿಯಾಗಿ ಕೂರೋ ಸೈಜಿನ ರಬ್ಬರ್ ಟಿಪ್ ಇರೋ ಇಯರ್‌ಫೋನ್ ಕೊಡಿಸಿ, ಹೊರಗಿನ ಸದ್ದು ನಿಂತ್ರೆ ವಾಲ್ಯೂಮ್ ತಾನಾಗೇ ಇಳಿಯುತ್ತೆ. ರಸ್ತೆ ದಾಟೋವಾಗ ಮಾತ್ರ ತೆಗೀಲೇಬೇಕು ಅಂತ ಹೇಳಿ. ತೆಗೆದ ಮೇಲೆ ಕಿವೀಲಿ ಕುಯ್ ಅಂತ ಉಳಿದಿದ್ರೆ ಜೋರಾಯ್ತು ಅಂತಾನೇ ಅರ್ಥ, ಪದೇ ಪದೇ ಆಗ್ತಿದ್ರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನಿಗೆ ಆಂಪ್ ಹಾಕಬಹುದಾ? (ಮೈಸೂರಿನ ಬಿ.ಕಾಂ. ವಿದ್ಯಾರ್ಥಿ)

ಉತ್ತರ: ಬೇಡ, ಒಳಗೇ ಇದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಳೋವಾಗ ಏನೇನು ನೋಡ್ಬೇಕು ಸಾರ್? ಶಿವಮೊಗ್ಗದಲ್ಲಿ ಒಬ್ರು ಅರ್ಧ ರೇಟಿಗೆ ಕೊಡ್ತೀನಿ ಅಂತಿದಾರೆ.

ಉತ್ತರ: ದುಡ್ಡು ಮುಂಗಡ ಕಳಿಸಬೇಡಿ, ಎದುರಿಗೆ ಕೂತು ಕೇಳಿ. ಮೊದಲು ಹಳೇ ಮೋನೋ ಹಾಡೊಂದು ಹಾಕಿ, 60ರ ದಶಕದ ಯಾವ ಸಿನಿಮಾದ್ದಾದ್ರೂ ಆಗುತ್ತೆ, ಹಾಡೋರ ದನಿ ತಲೆ ನಟ್ಟನಡುವೆ ನಿಲ್ಲಬೇಕು, ಒಂದು ಕಡೆ ವಾಲಿದ್ರೆ ಒಂದು ಬದಿ ಸೋತಿದೆ. ಹೆಡ್‌ಫೋನ್ ತಿರುಗಿಸಿ ಹಾಕ್ಕೊಂಡು ನೋಡಿ, ಆಗ ಇನ್ನೊಂದು ಕಡೆ ವಾಲಿದ್ರೆ ಹೆಡ್‌ಫೋನ್ ಸಮಸ್ಯೆ, ಅದೇ ಕಡೆ ವಾಲಿದ್ರೆ ನಿಮ್ಮ ಕಿವಿ, ಗುಗ್ಗೆ ತೆಗೆಸ್ಕೊಳ್ಳಿ. ಆಮೇಲೆ ಹಾಡು ಓಡ್ತಿರೋವಾಗ್ಲೇ ಜ್ಯಾಕಿನ ಬುಡದಲ್ಲಿ, ಕಪ್ಪಿನ ಒಳಗೆ ಹೋಗೋ ಜಾಗದಲ್ಲಿ ವೈರು ಅಲ್ಲಾಡಿಸಿ, ಚರಚರ ಅಂದ್ರೆ ರೇಟ್ ಇಳಿಸಿ ಕೇಳಿ ಇಲ್ಲಾ ಬಿಟ್ಟುಬಿಡಿ. 20 ಹರ್ಟ್ಜ್‌ನಿಂದ ಏರೋ ಟೋನ್ ಫೋನಲ್ಲಿ ಹಾಕಿ, ಕೆಳಗಿನ ಕಡೆ ಬರ್ರ್ ಅಂತ ಅದುರಿದ್ರೆ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಮೇಲೆ ಕೂದಲು ಬಿದ್ದಿರಬಹುದು ಇಲ್ಲಾ ಹರಿದಿರಬಹುದು. ಬಿಲ್ಲಿದ್ರೆ ಇಸ್ಕೊಳ್ಳಿ, ಹೆಸರಿರೋ ಮಾಡೆಲ್‌ಗಳ ಡೂಪ್ಲಿಕೇಟ್ ಡಬ್ಬ ಸಮೇತ ಬರ್ತಾವೆ. ಆಂಪನ್ನೂ ಸೇರಿಸಿ ಕೊಡ್ತೀನಿ, ಇನ್ನೆರಡು ಸಾವಿರ ಕೊಡಿ ಅಂದ್ರೆ ಹೆಡ್‌ಫೋನ್ ಎಷ್ಟು ಓಮ್ ಅಂತ ಕೇಳಿ, 80ಕ್ಕಿಂತ ಕಮ್ಮಿ ಇದ್ರೆ ಆಂಪ್ ಅವರ ಹತ್ರಾನೇ ಇರ್ಲಿ.