ನಾಲ್ಕು ದಿನದಲ್ಲಿ ಬೆಟ್ಟ, ಕಡಲು ಎರಡೂ ಆಗುತ್ತದೆಯೇ?

ಡಿಸೆಂಬರ್‌ನ ನಾಲ್ಕು ದಿನದಲ್ಲಿ ಕೊಡಗು, ಕರಾವಳಿ ಎರಡೂ ಕಡೆ ಹಕ್ಕಿ ನೋಡಬಹುದಾ ಅಂತ ಕೇಳಿದ್ದೀರಿ. ನೋಡಬಹುದು, ಆದರೆ ಮೂರು ದಿನ ಕೊಡಗಿಗೇ ಇಡಿ. ಓಡಾಟ ಜಾಸ್ತಿಯಾದರೆ ಹಕ್ಕಿ ಸಿಗುವುದಿಲ್ಲ. ಕಾಫಿ ತೋಟದ ಅಂಚಿನ ಕಾಡಿನಲ್ಲಿ ಬೆಳಿಗ್ಗೆ ಬೇಗ ಸುಮ್ನೆ ಒಂದೇ ಕಡೆ ನಿಲ್ಲಿ. ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ಕೊಂಬೆಯ ಮೇಲೆ ಅಲ್ಲಾಡದೆ ಕೂತಿರುತ್ತದೆ. ಬೆನ್ನು ನಮ್ಮ ಕಡೆಗಿದ್ದರೆ ಒಣಗಿದ ಎಲೆ ಅನ್ನಿಸುತ್ತದೆ. ತಿರುಗಿದರೆ ಗಂಡಿನ ಕೆಂಪು ಹೊಟ್ಟೆ, ಎದೆಯ ಬಿಳಿ ಪಟ್ಟಿ! ಅತ್ತಿ, ಬಸರಿ ಹಣ್ಣಾಗಿರುವ ಮರ ಎಲ್ಲಿದೆ ಎಂದು ತೋಟದವರನ್ನು ಕೇಳಿ, ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಅಲ್ಲಿಗೇ ಬರುತ್ತದೆ. ದಯವಿಟ್ಟು ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯಬೇಡಿ. ಕೊನೆಯ ದಿನ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ. ಸಮುದ್ರ ಇಳಿತದ ಹೊತ್ತಿಗೆ ನದಿ ಕಡಲು ಸೇರುವ ಅಳಿವೆ ಬಳಿ ಇರಿ, ಚಳಿಗಾಲದ ವಲಸೆ ಹಕ್ಕಿಗಳು ಕೆಸರಿಗೆ ಇಳಿದಿರುತ್ತವೆ.