ಎರಡೂವರೆ ಟನ್ ಬೋಟ್ ಎಳೆಯೋಕೆ ಡೀಸೆಲ್ ಪಿಕಪ್: ಮ್ಯಾನುವಲ್ಲೋ, ಆಟೊಮ್ಯಾಟಿಕ್ಕೋ?

ಪ್ರಶ್ನೆ: ವಾಸ್ಕೊದಲ್ಲಿ ನಮ್ಮದು ವಾಟರ್ ಸ್ಪೋರ್ಟ್ಸ್ ಕೆಲಸ. ಫೈಬರ್ ಬೋಟು, ಟ್ರೇಲರ್ ಎರಡೂ ಸೇರಿ ಎರಡೂವರೆ ಟನ್. ಸೀಸನ್‌ನಲ್ಲಿ ದಿನಾ ರ‍್ಯಾಂಪ್‌ನಲ್ಲಿ ಬೋಟನ್ನು ನೀರಿಗೆ ಇಳಿಸಿ, ಮತ್ತೆ ಮೇಲೆ ಹತ್ತಿಸಬೇಕು. ಆಗಾಗ ಕಾರವಾರಕ್ಕೆ, ಕೆಲವೊಮ್ಮೆ ಅನ್ಮೋಡ್ ಘಾಟಿ ಹತ್ತಿ ಬೆಳಗಾವಿ ಕಡೆಗೂ ಒಯ್ಯಬೇಕು. ಯಾವ ಡೀಸೆಲ್ ಪಿಕಪ್ ತಗೊಳ್ಳಲಿ? ಭಾರ ಎಳೆಯೋಕೆ ಮ್ಯಾನುವಲ್ಲೇ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಅಮೆರಿಕದ ವಿಡಿಯೊಗಳಲ್ಲಿ ಬರೀ ಆಟೊಮ್ಯಾಟಿಕ್ಕೇ ಕಾಣುತ್ತೆ.

ಉತ್ತರ:

ಆಟೊಮ್ಯಾಟಿಕ್ ತಗೊಳ್ಳಿ. ಫೋರ್ ವೀಲ್ ಡ್ರೈವ್ ಮತ್ತು ಲೋ ರೇಂಜ್ (ಗಾಡಿಯನ್ನು ಇನ್ನೂ ನಿಧಾನಕ್ಕೆ, ಇನ್ನೂ ಬಲವಾಗಿ ಎಳೆಸುವ ಹೆಚ್ಚುವರಿ ಗೇರ್) ಇರಲೇಬೇಕು. ಕೈಯಲ್ಲಿ ದುಡ್ಡಿದ್ದರೆ ಟೊಯೋಟಾ ಹೈಲಕ್ಸ್, ಇಲ್ಲವಾದರೆ ಇಸುಜು ವಿ-ಕ್ರಾಸ್ ಆಟೊಮ್ಯಾಟಿಕ್. ಆದರೆ ನಿಮ್ಮ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇದೆಯಾ? ಅದನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ ಮೊದಲು ಆ ಖರ್ಚನ್ನು ಎತ್ತಿಡಿ, ಉಳಿದ ದುಡ್ಡಲ್ಲಿ ಗಾಡಿ ನೋಡಿ.

ನಾನು ಹಳಿಯಾಳದವನು. ಫೋಂಡಾದಲ್ಲಿ ಕ್ಲಚ್, ಗೇರ್‌ಬಾಕ್ಸ್ ಕೆಲಸದ ಗ್ಯಾರೇಜ್ ಇದೆ. ಹಾಗಾಗಿ ನನ್ನ ಅಭಿಪ್ರಾಯ ಸುಟ್ಟ ಪ್ಲೇಟ್‌ಗಳನ್ನು ನೋಡಿ ನೋಡಿ ಬಂದದ್ದು. ಶೋರೂಮ್‌ನವರು ಬೇರೆ ಹೇಳಬಹುದು.

ಮೊದಲು ಘಾಟಿ ವಿಷಯ, ಯಾಕೆಂದರೆ ಎಲ್ಲರೂ ಹೆದರುವುದು ಅದಕ್ಕೇ. ಗಾಡಿ, ಜನ, ಬೋಟು, ಟ್ರೇಲರ್ ಎಲ್ಲ ಸೇರಿ ಐದು ಟನ್ ಅಂತಿಟ್ಟುಕೊಳ್ಳಿ. 15 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ಏರಿನಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತೋಕೆ ಚಕ್ರದ ಹತ್ತಿರ ಸುಮಾರು 60 ಕುದುರೆ ಶಕ್ತಿ ಸಾಕು. ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ 163 ಕುದುರೆ ಶಕ್ತಿಯದ್ದು. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204. ಅಂದರೆ ಅನ್ಮೋಡ್ ಆಗಲಿ, ಕಾರವಾರ ದಾರಿಯ ಕರ್ಮಲ್ ಘಾಟಿ ಆಗಲಿ, ಹತ್ತೋದಕ್ಕೆ ಎರಡರಲ್ಲೂ ದಮ್ಮಿದೆ. ಹೈಲಕ್ಸ್ ಆರಾಮವಾಗಿ ಹತ್ತುತ್ತದೆ, ವಿ-ಕ್ರಾಸ್ ಒಂದು ಗೇರ್ ಕೆಳಗೆ ಇಳಿದು ಸ್ವಲ್ಪ ಕೂಗಿಕೊಂಡು ಹತ್ತುತ್ತದೆ. ಅಷ್ಟೇ ವ್ಯತ್ಯಾಸ.

ಗೇರ್‌ಬಾಕ್ಸ್‌ನ ನಿಜವಾದ ಪರೀಕ್ಷೆ ನಿಮ್ಮ ರ‍್ಯಾಂಪ್‌ನಲ್ಲಿದೆ, ಅದೂ ದಿನಾ.

ಲೆಕ್ಕ ನೋಡಿ. ರ‍್ಯಾಂಪ್ 8 ಮೀಟರ್‌ಗೆ 1 ಮೀಟರ್ ಏರು ಅಂದುಕೊಂಡರೆ, ಐದು ಟನ್ ಹತ್ತಿಸೋಕೆ 600 ಕೆಜಿಗೂ ಮೀರಿದ ಎಳೆತ ಬೇಕು. ಬೋಟು ನೀರಲ್ಲಿ ತೇಲುತ್ತಿರುವಾಗ ಹಗುರ, ನೀರು ಬಿಟ್ಟು ಮೇಲೆ ಬಂದ ಹಾಗೆಲ್ಲ ಭಾರ ಏರುತ್ತಾ ಹೋಗುತ್ತದೆ. ಇಂಥ ಪಿಕಪ್‌ಗಳಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಟ್ಟರೆ, ಆಕ್ಸಿಲರೇಟರ್ ಮುಟ್ಟದೆಯೂ ಗಾಡಿ ಗಂಟೆಗೆ ಆರೇಳು ಕಿ.ಮೀ. ವೇಗದಲ್ಲಿ ಹೋಗುತ್ತದೆ. ರ‍್ಯಾಂಪ್‌ನಲ್ಲಿ ನಿಮಗೆ ಬೇಕಾದದ್ದು ಎರಡು, ಮೂರು. ಪಕ್ಕದಲ್ಲಿ ಹುಡುಗರು ಹಗ್ಗ ಹಿಡಿದು ನಡೀತಿರ್ತಾರೆ ಅಲ್ವಾ? ಹಾಗಾಗಿ ಡ್ರೈವರ್ ಹಾಫ್ ಕ್ಲಚ್‌ನಲ್ಲೇ ಪೂರ್ತಿ ಏರು ಹತ್ತಿಸುತ್ತಾನೆ. ಅದಕ್ಕಿಂತ ಕೆಟ್ಟದ್ದು ರಿವರ್ಸ್. ಟ್ರೇಲರ್ ಸರಿಯಾಗಿ ನೀರಿಗೆ ಇಳೀಲಿ ಅಂತ ಒಂದಡಿ ಹಿಂದೆ, ಅರ್ಧ ಅಡಿ ಮುಂದೆ, ಮತ್ತೆ ಹಿಂದೆ. ಆ ಹತ್ತು ನಿಮಿಷ ಪ್ಲೇಟು ತೇಯುತ್ತಲೇ ಇರುತ್ತದೆ.

ಇಂಥ ಗಾಡಿ ಬಿಚ್ಚಿದಾಗ ಕಾಣುವುದು ಹೀಗೆ. ಪ್ರೆಷರ್ ಪ್ಲೇಟ್ ಮೇಲೆ ನೀಲಿ ನೀಲಿ ಮಚ್ಚೆ. ಕ್ಲಚ್ ಪ್ಲೇಟಿನ ಮುಖ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿರುತ್ತದೆ. ಉಗುರಿಂದ ಕೆರೆದರೆ ಲೈನಿಂಗ್ ಪುಡಿ ಪುಡಿಯಾಗಿ ಉದುರುತ್ತದೆ. ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ತೆಗೆದ ತಕ್ಷಣ ಒಂದು ವಾಸನೆ ಬರುತ್ತದೆ, ಗ್ಯಾರೇಜಿನಿಂದ ಸಂಜೆವರೆಗೂ ಹೋಗುವುದಿಲ್ಲ. ಗಾಡಿ ಓಡಿದ್ದು ಎಷ್ಟೂ ಇರುವುದಿಲ್ಲ, ಮೀಟರ್ ನೋಡಿದರೆ ಮಾಲೀಕರಿಗೆ ನಂಬೋಕೆ ಆಗಲ್ಲ.

ಆಟೊಮ್ಯಾಟಿಕ್‌ನಲ್ಲೂ ಹಾಫ್ ಕ್ಲಚ್ಚಿನ ಪ್ಲೇಟ್ ಜಾರಿದ ಹಾಗೆ ಜಾರುವುದು ಇದ್ದೇ ಇದೆ. ಆದರೆ ಜಾರುವ ಕೆಲಸ ಮಾಡುವುದು ಪ್ಲೇಟ್ ಅಲ್ಲ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಒಳಗಿನ ಎಣ್ಣೆ. ಎಣ್ಣೆ ಬಿಸಿಯಾದರೆ ಪೈಪ್‌ನಲ್ಲಿ ಕೂಲರ್‌ಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತದೆ. ಕ್ಲಚ್ ಪ್ಲೇಟಿನ ಬಿಸಿಗೆ ಹಾಗೆ ಹೊರಗೆ ಹೋಗುವ ದಾರಿ ಇಲ್ಲ. ಅದರ ಮೇಲೆ, ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಕನ್ವರ್ಟರ್ ಎಂಜಿನ್ನಿನ ಟಾರ್ಕ್ ಅನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಮ್ಮಿ ಎರಡು ಪಟ್ಟು ಮಾಡಿ ಕೊಡುತ್ತದೆ. ನಿಮಗೆ ರ‍್ಯಾಂಪ್‌ನಲ್ಲಿ ಬೇಕಾಗಿರುವುದೇ ಅದು.

ಇಲ್ಲೊಂದು ಎಚ್ಚರಿಕೆ. ಆಟೊಮ್ಯಾಟಿಕ್ ಅಂತ ಬೋರ್ಡ್ ಇದ್ದದ್ದೆಲ್ಲ ಈ ಜಾತಿಯದ್ದಲ್ಲ. ಎಎಂಟಿ ಅಂದರೆ ಒಳಗೆ ಅದೇ ಕ್ಲಚ್ ಪ್ಲೇಟು, ಒತ್ತುವುದು ಕಾಲಿನ ಬದಲು ಮಷೀನು. ಭಾರ ಎಳೆಯೋಕೆ ಅದನ್ನು ಮುಟ್ಟಲೇಬೇಡಿ. ಹೈಲಕ್ಸ್, ವಿ-ಕ್ರಾಸ್ ಎರಡರದ್ದೂ ಟಾರ್ಕ್ ಕನ್ವರ್ಟರ್ ಇರುವ 6 ಸ್ಪೀಡ್ ಗೇರ್‌ಬಾಕ್ಸ್, ಆ ಚಿಂತೆ ಇಲ್ಲ.

“ಮ್ಯಾನುವಲ್ಲೇ ಗಟ್ಟಿ” ಅನ್ನೋ ಮಾತು ಹಳೇ ಕಾಲದ್ದು. ಆಗ ನಿಜವೂ ಆಗಿತ್ತು. ಈಗ ಕಂಪನಿಗಳೇ ಏನು ಮಾಡಿವೆ ನೋಡಿ. ಹೈಲಕ್ಸ್ ಮ್ಯಾನುವಲ್‌ನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್, ಅದೇ ಎಂಜಿನ್ ಆಟೊಮ್ಯಾಟಿಕ್ ಜೊತೆ ಬಂದರೆ 500. ನೀವು ವಿಡಿಯೊದಲ್ಲಿ ನೋಡಿದ ಅಮೆರಿಕದ ಗಾಡಿಗಳಲ್ಲೂ ಇದೇ ಕಥೆ. ರ‍್ಯಾಮ್ ಪಿಕಪ್‌ನಲ್ಲಿ ಕಮಿನ್ಸ್ 6.7 ಲೀಟರ್ ಡೀಸೆಲ್ ಎಂಜಿನ್ ಇರುತ್ತದೆ. 2018ರ ಮಾಡೆಲ್‌ನಲ್ಲಿ ಮ್ಯಾನುವಲ್ ಜೊತೆ ಸುಮಾರು 895 ನ್ಯೂಟನ್ ಮೀಟರ್‌ಗೆ ಕಟ್ಟಿ ಹಾಕಿದ್ದರು. ಅತಿ ಭಾರದ ಆಟೊಮ್ಯಾಟಿಕ್ ಜೊತೆ ಅದೇ ಎಂಜಿನ್ 1260ರ ಮೇಲೆ ಕೊಡುತ್ತಿತ್ತು. ಆಮೇಲೆ ಮ್ಯಾನುವಲ್ಲನ್ನೇ ನಿಲ್ಲಿಸಿಬಿಟ್ಟರು. ಶೆವ್ರೊಲೆ ತನ್ನ ಡ್ಯುರಾಮ್ಯಾಕ್ಸ್ ಡೀಸೆಲ್‌ಗೆ 2001ರ ಮಾಡೆಲ್‌ನಿಂದಲೇ ಆಲಿಸನ್ ಆಟೊಮ್ಯಾಟಿಕ್ ಕೊಟ್ಟಿತು. ಆ ಗಾಡಿಗಳು ನಮಗೆ ಶೋರೂಮ್‌ನಲ್ಲಿ ಸಿಗಲ್ಲ, ಎರಡೂವರೆ ಟನ್ನಿಗೆ ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ಗ್ರೇ ಮಾರ್ಕೆಟ್‌ನಲ್ಲಿ ತರಿಸೋ ಆಸೆ ಇದ್ದರೆ ಬಿಟ್ಟುಬಿಡಿ, ಒಂದು ಸೆನ್ಸರ್ ಹೋದರೆ ತಿಂಗಳುಗಟ್ಟಲೆ ಕಾಯಬೇಕು.

ಅಂದಹಾಗೆ, ಕಮಿನ್ಸ್ ಅಂದರೆ ದೂರದ್ದು ಅಂದುಕೊಳ್ಳಬೇಡಿ. 1962ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಪುಣೆಗೆ ಬಂದ ಕಂಪನಿ ಅದು. ಕಿರ್ಲೋಸ್ಕರ್ ಅವರೋ, ಶುರು ಮಾಡಿದ್ದೇ ನಮ್ಮ ಬೆಳಗಾವಿಯ ಸೈಕಲ್ ಅಂಗಡಿಯಿಂದ, 1888ರಲ್ಲಿ. ಪಿಕಪ್‌ಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಮ್ಯಾನುವಲ್‌ಗೆ ಅನ್ಯಾಯ ಮಾಡಬಾರದು. ಲೋ ರೇಂಜ್ ಹಾಕಿದರೆ ಗೇರ್ ಇನ್ನೂ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ಆಗ ಕ್ಲಚ್ ಪೂರ್ತಿ ಬಿಟ್ಟೇ, ನಡೆಯುವವರಿಗಿಂತ ನಿಧಾನವಾಗಿ ಹತ್ತಿಸಬಹುದು. ಹೀಗೆ ಮಾಡುವವರ ಪ್ಲೇಟು ಹಾಳಾಗುವುದೇ ಅಪರೂಪ. ತೊಂದರೆ ಏನೆಂದರೆ, ಸಂಬಳದ ಡ್ರೈವರ್ ದಿನಾ ಪ್ರತಿ ಸಲ ನ್ಯೂಟ್ರಲ್ ಮಾಡಿ, ನಾಬ್ ತಿರುಗಿಸಿ, ಲೈಟ್ ಬರೋವರೆಗೂ ಕಾಯ್ತಾನಾ? ಗಾಡಿ ನೀವೊಬ್ಬರೇ ಓಡಿಸುವುದಾದರೆ, ಬಜೆಟ್ ಸೆಕೆಂಡ್ ಹ್ಯಾಂಡ್ ವಿ-ಕ್ರಾಸ್ ಮ್ಯಾನುವಲ್ ಫೋರ್ ಬೈ ಫೋರ್‌ಗೆ ಮಾತ್ರ ಬರುವುದಾದರೆ, ಧೈರ್ಯವಾಗಿ ತಗೊಳ್ಳಿ. ಕೊಳ್ಳುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆದು, ಥರ್ಡ್ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಗುರ್ ಅಂತ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ, ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಫೋರ್ ವೀಲ್ ಡ್ರೈವ್ ಯಾಕೆ ಅಂದರೆ ಪಾಚಿ. ನಿಮ್ಮ ರ‍್ಯಾಂಪ್‌ನ ಕೆಳಭಾಗ ಹಸಿರುಗಟ್ಟಿರುತ್ತದೆ. ಎಳೆಯುವಾಗ ಹಿಂದಿನ ಚಕ್ರ ಆ ಪಾಚಿ ಮೇಲೆ, ಮುಂದಿನ ಚಕ್ರ ಒಣ ಕಾಂಕ್ರೀಟ್ ಮೇಲೆ. ಟೂ ವೀಲ್‌ನಲ್ಲಿ ಹಿಂದಿನದು ಸುಮ್ನೆ ತಿರುಗುತ್ತದೆ, ಗಾಡಿ ಬೋಟಿನ ಹಿಂದೆಯೇ ನೀರಿಗೆ ಜಾರುತ್ತದೆ. ಲೋ ರೇಂಜ್‌ನಲ್ಲಿ ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಮೇಲೆ ಬಂದು ಒಣ ನೆಲದಲ್ಲಿ ತಿರುಗಿಸುವ ಮುಂಚೆ ಮಾತ್ರ ಟೂ ವೀಲ್‌ಗೆ ಹಾಕಿ, ಇಲ್ಲದಿದ್ದರೆ ಡ್ರೈವ್ ಲೈನ್ ಬಿಗಿದುಕೊಂಡು ಕಟಕಟ ಅನ್ನುತ್ತದೆ.

ಘಾಟಿಯಲ್ಲಿ ಆಟೊಮ್ಯಾಟಿಕ್ ಓಡಿಸುವ ರೀತಿ ಬೇರೆ. ಡಿ ಯಲ್ಲಿ ಬಿಟ್ಟರೆ ಮೂರಕ್ಕೂ ನಾಲ್ಕಕ್ಕೂ ಹೋಗಿ ಬಂದು ಮಾಡುತ್ತದೆ. ಪ್ರತಿ ಸಲ ಕನ್ವರ್ಟರ್‌ನ ಲಾಕ್ (ಜಾರದ ಹಾಗೆ ಹಿಡಿದಿಡುವುದು) ಬಿಡುತ್ತದೆ, ಎಣ್ಣೆ ಬಿಸಿಯಾಗುತ್ತದೆ. ಮೊಲ್ಲೆಂ ದಾಟಿ ಏರು ಶುರುವಾಗುವ ಮುಂಚೆಯೇ ಮ್ಯಾನುವಲ್ ಮೋಡ್‌ಗೆ ಎಳೆದು ಮೂರರಲ್ಲೋ ಎರಡರಲ್ಲೋ ಹಿಡಿದಿಡಿ. ಆರ್‌ಪಿಎಂ ಎರಡು, ಎರಡೂವರೆ ಸಾವಿರ ಇರಲಿ, ಎಂಜಿನ್ ಕೂಗಿದರೆ ಹೆದರಬೇಡಿ. ಗೇರ್ ಎಣ್ಣೆ “ಜೀವಮಾನ ಪೂರ್ತಿ ಬದಲಿಸಬೇಕಿಲ್ಲ” ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಬಂದುಬಿಡಿ. ಎಳೆಯುವ ಗಾಡಿಗೆ ಬದಲಿಸಲೇಬೇಕು. ಎಣ್ಣೆ ಕೆಂಪಿಗಿರುವುದು ಬಿಟ್ಟು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ. ಎಕ್ಸ್‌ಟ್ರಾ ಆಯಿಲ್ ಕೂಲರ್ ಹಾಕಿಸಿದರೆ ಒಳ್ಳೆಯದು, ಆದರೆ ವಾರಂಟಿ ವಿಷಯ ಮೊದಲು ಕೇಳಿ.

ಇನ್ನು ಇಳಿಯುವುದು. ನನಗೆ ಭಯ ಇರುವುದು ಇಲ್ಲೇ. ಅನ್ಮೋಡ್‌ನಿಂದ ಕೆಳಗೆ ಬರುವಾಗ ಬ್ರೇಕ್ ಇಲ್ಲದ ಎರಡೂವರೆ ಟನ್ ಹಿಂದಿನಿಂದ ದೂಡುತ್ತಿರುತ್ತದೆ. ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಟ್ರೇಲರ್ ಪಕ್ಕಕ್ಕೆ ಬಂದು ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ಇದೇ ಹೈಲಕ್ಸ್‌ಗೆ 3,500 ಕೆಜಿವರೆಗೂ ಎಳೆಯೋಕೆ ಒಪ್ಪಿಗೆ ಇದೆ. ಆದರೆ ಅದು ಬ್ರೇಕ್ ಇರುವ ಟ್ರೇಲರ್‌ಗೆ. ಬ್ರೇಕ್ ಇಲ್ಲದಿದ್ದರೆ ಬರೀ 750 ಕೆಜಿ. ನಮ್ಮಲ್ಲಿ ಮಾರುವ ಮಾಡೆಲ್‌ಗೆ ಎಷ್ಟು ಅಂತ ಡೀಲರ್ ಹತ್ತಿರ ಬರವಣಿಗೆಯಲ್ಲಿ ತಗೊಳ್ಳಿ, ಬಾಯಿಮಾತು ಬೇಡ. ಬೋಟ್ ಟ್ರೇಲರ್‌ಗೆ ಓವರ್‌ರನ್ ಹೈಡ್ರಾಲಿಕ್ ಬ್ರೇಕ್ ಸರಿ, ಟ್ರೇಲರ್ ಮುಂದೆ ದೂಡಿದಾಗ ತಾನೇ ಹಿಡಿಯುತ್ತದೆ. ಉಪ್ಪುನೀರಿಗೆ ಇಳಿಯುವ ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಬೇಡ. ದಿನಾ ಸಂಜೆ ಬ್ರೇಕ್ ಡ್ರಮ್, ಚಕ್ರದ ನಡುವಿನ ಹಬ್ ಎಲ್ಲಕ್ಕೂ ಸಿಹಿನೀರು ಬಿಡಿ. ದೂರದಿಂದ ಬಂದ ತಕ್ಷಣ ಬಿಸಿ ಹಬ್ಬನ್ನು ನೀರಿಗೆ ಇಳಿಸಬೇಡಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲ್ ಸಂದಿಯಿಂದ ಉಪ್ಪುನೀರು ಹೀರಿಕೊಳ್ಳುತ್ತದೆ. ಆಮೇಲೆ ಬೇರಿಂಗ್ ಬಿಚ್ಚಿದರೆ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿರುತ್ತದೆ.

ಟ್ರೇಲರ್ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್ ಮೇಲೆ ಎಷ್ಟು ಭಾರ ಕೂರುತ್ತದೆ ಅನ್ನುವುದನ್ನೂ ನೋಡಿ. ಒಟ್ಟು ಟ್ರೇಲರ್ ಭಾರದ ನೂರಕ್ಕೆ ಹತ್ತರಷ್ಟು ಇರಬೇಕು, ಅಂದರೆ ಸುಮಾರು 250 ಕೆಜಿ. ಔಟ್‌ಬೋರ್ಡ್ ಮೋಟಾರ್ ಎಲ್ಲ ಹಿಂದೆ ಇರುವುದರಿಂದ ಬೋಟ್ ಟ್ರೇಲರ್‌ಗಳ ಬಾಲವೇ ಭಾರ, ವೇಗ ಹೆಚ್ಚಾದರೆ ಅಲ್ಲಾಡೋಕೆ ಶುರು. ಪರೀಕ್ಷೆ ಸುಲಭ. ಕಾಟಾಕ್ಕೆ ಹೋಗಿ ಟ್ರೇಲರ್ ಒಂದನ್ನೇ ತೂಗಿ. ಆಮೇಲೆ ಗಾಡಿಗೆ ಸಿಕ್ಕಿಸಿ, ಟ್ರೇಲರ್ ಚಕ್ರ ಮಾತ್ರ ಕಾಟಾದ ಮೇಲಿರುವ ಹಾಗೆ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಹಿಚ್ ಮೇಲಿನ ಭಾರ. ಕಮ್ಮಿ ಬಂದರೆ ವಿಂಚ್ ಪೋಸ್ಟ್ (ಬೋಟಿನ ಮೂತಿ ಕಟ್ಟುವ ಕಂಬ) ಸರಿಸಿ ಬೋಟನ್ನು ಮುಂದಕ್ಕೆ ತನ್ನಿ. ಆ 250 ಕೆಜಿ ಪಿಕಪ್ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ, ಹಿಂದೆ ಡೀಸೆಲ್ ಕ್ಯಾನ್ ತುಂಬುವಾಗ ನೆನಪಿರಲಿ. ಟ್ರೇಲರ್‌ಗೂ ರಿಜಿಸ್ಟ್ರೇಷನ್ ಬೇಕು, ಕಾಗದ ಇಲ್ಲದೆ ಗಡಿ ದಾಟಿದರೆ ಚೆಕ್‌ಪೋಸ್ಟ್‌ನಲ್ಲಿ ಬೆಳಗಾಗುತ್ತದೆ.

ಇನ್ನೊಂದು ದಾರಿಯೂ ಇದೆ. ವರ್ಷಕ್ಕೆ ಕಾರವಾರ, ಬೆಳಗಾವಿ ಅಂತ ಹೋಗುವುದು ಬೆರಳೆಣಿಕೆಯಷ್ಟೇ ಆದರೆ ಪಿಕಪ್ ಯಾಕೆ? ರ‍್ಯಾಂಪ್‌ಗೆ ಒಂದು ಹಳೇ ಟ್ರ್ಯಾಕ್ಟರ್ ಸಾಕು. ಬೀಚ್‌ಗಳಲ್ಲಿ ನೋಡಿಯೇ ಇರ್ತೀರಿ. ದೂರಕ್ಕೆ ಬಾಡಿಗೆ ಲಾರಿ ಮಾಡಿ. ಈಗಿನ ಬಿಎಸ್6 ಡೀಸೆಲ್ ಪಿಕಪ್ಪನ್ನು ಬರೀ ಮನೆಯಿಂದ ರ‍್ಯಾಂಪ್‌ಗೆ, ರ‍್ಯಾಂಪ್‌ನಿಂದ ಮನೆಗೆ ಅಂತ ಓಡಿಸಿದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ಕಟ್ಟಿ ವಾರ್ನಿಂಗ್ ಲೈಟ್ ಹತ್ತಿಕೊಳ್ಳುತ್ತದೆ. ಆಗಾಗ ಮಡಗಾಂವ್‌ವರೆಗಾದರೂ ಹೈವೇ ಓಟ ಕೊಡಲೇಬೇಕು.

ನಿಮ್ಮ ಟ್ರೇಲರ್‌ಗೆ ಆಕ್ಸಲ್ ಒಂದಾ, ಎರಡಾ ತಿಳಿಸಿ. ಒಂದೇ ಆದರೆ ಟಯರ್ ಪಕ್ಕದಲ್ಲಿ ಬರೆದಿರುವ ಲೋಡ್ ನಂಬರ್ ಸಹ ಬರೆಯಿರಿ. ಎರಡೂವರೆ ಟನ್ನಿಗೆ ಅದು ಸಾಲುತ್ತದಾ ಅಂತ ನೋಡಿ ಹೇಳುತ್ತೇನೆ.