ಹೋಂಡಾ ಮಂಕಿಯ ಸಣ್ಣ ಮಾದರಿ ಮಾಡಲು ತ್ರೀಡಿ ಪ್ರಿಂಟರ್ ಬೇಕಾ? ಅದಕ್ಕಿಂತ ಮೊದಲು ಟೈರ್ ಅಳತೆ ಬೇಕು

ಕೋಲಾರದಲ್ಲಿದ್ದೀರಿ, ಹಳೆಯ ಹೋಂಡಾ ಮಂಕಿ ಝಡ್50ಜೆ ಮಿನಿ ಬೈಕಿನ ಮಾದರಿ ಮಾಡಬೇಕು, ನೆಟ್‌ನಲ್ಲಿ ಒಂದು ಒಳ್ಳೆ ಫೋಟೊ ಸಿಕ್ಕಿದೆ. ತ್ರೀಡಿ ಪ್ರಿಂಟರ್ ಕೊಳ್ಳಬೇಕಾ, ಜಪಾನಿನ ಕಿಟ್ ತರಿಸಬೇಕಾ, 1:12 (ಅಸಲಿ ಗಾಡಿಯ ಹನ್ನೆರಡನೇ ಒಂದು ಭಾಗದ ಅಳತೆ) ಸಾಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಗಳನ್ನು ನಾನೂ ಕೇಳಿಕೊಂಡು ಬಂದವನು. ಶುರು ಮಾಡಿದ್ದು ಒಂದು ಫೋಟೊದಿಂದ, ಕೆಲಸ ಕೆಟ್ಟಿದ್ದೂ ಅದೇ ಫೋಟೊದಿಂದ. ಅದಕ್ಕೇ ಪ್ರಿಂಟರ್ ಮಾತು ಆಮೇಲೆ.

ಆ ಫೋಟೊದಲ್ಲಿ ಗಾಡಿ ಸೈಡ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಟೈರ್ ಸೈಜು 3.50-8 ಅಂತ ಗೊತ್ತಿತ್ತು. 8 ಇಂಚಿನ ರಿಮ್ ಅಂದರೆ 203 ಮಿ.ಮೀ., ಎರಡೂ ಕಡೆ ಮೂರೂವರೆ ಇಂಚು ರಬ್ಬರ್ ಸೇರಿಸಿದರೆ ಹೆಚ್ಚುಕಡಿಮೆ 381. ಟೈರ್ ಯಾವ ಕಂಪನಿಯದು ಅನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ನಾನು ಮಾಡುತ್ತಿದ್ದದ್ದು 1:6, ಅಂದರೆ ಅಸಲಿ ಗಾಡಿಯ ಆರನೇ ಒಂದು ಭಾಗದ ಮಾದರಿ. ಆರರಿಂದ ಭಾಗಿಸಿದರೆ 63. ಫೋಟೊದಲ್ಲಿ ಮುಂದಿನ ಚಕ್ರದ ಅಗಲಕ್ಕೆ ಸ್ಕೇಲಿಟ್ಟು, ಅದು 63 ಆಗುವಷ್ಟು ಚಿತ್ರ ಹಿಗ್ಗಿಸಿ, ಪ್ರಿಂಟ್ ತೆಗೆದು, ಅದರ ಮೇಲೇ ಫ್ರೇಮ್ ಬೆಸೆದೆ. ತಪ್ಪಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕಣ್ಣಿಗೆ ಕಾಣದ ತಪ್ಪು ಇದು.

ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿಯ ಹ್ಯಾಂಡಲ್ ನೇರವಾಗಿ ಇರುವುದಿಲ್ಲ, ಎಡಕ್ಕೆ ವಾಲಿರುತ್ತದೆ. ಹ್ಯಾಂಡಲ್ 25 ಡಿಗ್ರಿ ತಿರುಗಿದೆ ಅಂದುಕೊಳ್ಳಿ. ಪಕ್ಕದಿಂದ ನೋಡಿದರೆ ಮುಂದಿನ ಚಕ್ರ ಈಗ ಗುಂಡಗಿಲ್ಲ, ನಿಂತ ಮೊಟ್ಟೆಯ ಆಕಾರ. ಎತ್ತರ ಇದ್ದಷ್ಟೇ ಇದೆ, ಅಗಲ ಕುಗ್ಗಿದೆ. ಬರೀ ತೆಳುವಾದ ಬಿಲ್ಲೆಯಾಗಿದ್ದರೆ ಅಗಲ 100ಕ್ಕೆ 91 ಕಾಣುತ್ತಿತ್ತು. ಮಂಕಿಯ ಟೈರ್ ದಪ್ಪ ಇರುವುದರಿಂದ ಅದರ ಮೈಯೂ ಸ್ವಲ್ಪ ಕಂಡು ಸುಮಾರು 93 ಆಗುತ್ತದೆ. ಕುಗ್ಗಿದ ಈ ಅಗಲವನ್ನು ಪೂರ್ತಿ 63 ಅಂದುಕೊಂಡು ಹಿಗ್ಗಿಸಿದರೆ ಫೋಟೊದಲ್ಲಿರುವ ಉಳಿದದ್ದೆಲ್ಲ ಏಳೆಂಟು ಪರ್ಸೆಂಟ್ ದೊಡ್ಡದಾಗುತ್ತದೆ. ಟೈರ್ ಮಾತ್ರ ನೀವು ಲೆಕ್ಕದ ಪ್ರಕಾರ 63ಕ್ಕೇ ಮಾಡಿರುತ್ತೀರಿ.

ಏಳು ಪರ್ಸೆಂಟ್ ಏನು ಮಹಾ ಅನ್ನಿಸಬಹುದು. ಮಂಕಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್ ನಡುವಿನ ದೂರ, 895 ಮಿ.ಮೀ. 1:6ರಲ್ಲಿ 149. ನನ್ನ ಫ್ರೇಮಿನಲ್ಲಿ ಅದು 160 ಆಗಿತ್ತು. ಈಗ ಎರಡು ಟೈರ್‌ಗಳ ನಡುವೆ ಉಳಿಯುವ ಜಾಗ ನೋಡಿ: 149ರಲ್ಲಿ 63 ಕಳೆದರೆ 86 ಇರಬೇಕಾದದ್ದು, 97 ಇತ್ತು. ಕಣ್ಣು ನೋಡುವುದು ಆ ಖಾಲಿ ಜಾಗವನ್ನು, ಒಟ್ಟು ಉದ್ದವನ್ನಲ್ಲ. ಎರಡು ದಪ್ಪ ಟೈರ್ ನಡುವೆ ಇಂಜಿನ್ ಇಕ್ಕಟ್ಟಾಗಿ ಕೂತಿರುವುದೇ ಮಂಕಿಯ ಚೆಂದ. ಆ ಇಕ್ಕಟ್ಟು ಹೋದರೆ ಯಾವುದೋ ಮೊಪೆಡ್ ಥರ ಕಾಣುತ್ತದೆ, ಎಷ್ಟು ಚೆನ್ನಾಗಿ ಪೇಂಟ್ ಮಾಡಿದರೂ ಅಷ್ಟೆ. ಟ್ಯಾಂಕು, ಸೀಟು ಎರಡೂ ಆ ಫ್ರೇಮಿಗೇ ಹೊಂದಿಸಿ ಮಾಡಿದ್ದರಿಂದ ಒಂದನ್ನೂ ಉಳಿಸಿಕೊಳ್ಳಲು ಆಗಲಿಲ್ಲ.

ಆದ್ದರಿಂದ ಫೋಟೊದಲ್ಲಿ ಅಳೆಯಲೇಬೇಕಾದರೆ ಹಿಂದಿನ ಚಕ್ರ ಅಳೆಯಿರಿ, ಅದು ತಿರುಗುವುದಿಲ್ಲ. ಅಡ್ಡಕ್ಕೆ ಅಳೆಯಬೇಡಿ, ಮೇಲಿಂದ ಕೆಳಕ್ಕೆ ಅಳೆಯಿರಿ. ಇನ್ನೊಂದು ಮೋಸವೂ ಇದೆ. ಗಾಡಿಯ ಅಗಲ 600 ಮಿ.ಮೀ., ಅಂದರೆ ಹ್ಯಾಂಡಲ್ ಗ್ರಿಪ್ಪು ಮಧ್ಯದ ಗೆರೆಗಿಂತ 300 ಮಿ.ಮೀ. ಕ್ಯಾಮೆರಾಗೆ ಹತ್ತಿರ. ಎರಡು ಮೀಟರ್ ದೂರದಿಂದ ತೆಗೆದ ಫೋಟೊದಲ್ಲಿ ಗ್ರಿಪ್ಪು ಸುಮಾರು 18 ಪರ್ಸೆಂಟ್ ದೊಡ್ಡದಾಗಿ ಕಾಣುತ್ತದೆ. ಐದು ಮೀಟರ್ ದೂರ ನಿಂತು ಜೂಮ್ ಮಾಡಿದ್ದರೆ ಆರು ಪರ್ಸೆಂಟ್. ಫೋಟೊ ಇರುವುದು ಆಕಾರ ನೋಡಿಕೊಳ್ಳಲು. ಅಳತೆಗೆ ಕಂಪನಿ ಕೊಟ್ಟ ಅಂಕಿಗಳಿವೆ: ಉದ್ದ 1365, ಅಗಲ 600, ಎತ್ತರ 850, ವೀಲ್‌ಬೇಸ್ 895. 1:6ಕ್ಕೆ ಇಳಿಸಿದರೆ 227.5, 100, 142, 149. ಇವು ಝಡ್50ಜೆಯಲ್ಲೂ ಆಮೇಲಿನ ಗಾಡಿಗಳ ಅಳತೆ.

ಯಾವ ಮಂಕಿ ಅನ್ನುವುದನ್ನೂ ಈಗಲೇ ನಿಶ್ಚಯ ಮಾಡಿಕೊಳ್ಳಿ. 1961ರಲ್ಲಿ ಟೋಕಿಯೊದ ತಾಮಾ ಟೆಕ್ ಪಾರ್ಕಿನಲ್ಲಿ ಮಕ್ಕಳು ಓಡಿಸಲು ಮಾಡಿದ ಝಡ್100ರಿಂದ ಇದರ ವಂಶ ಶುರು. 1967ರ ಝಡ್50ಎಂಗೆ 5 ಇಂಚಿನ ಚಕ್ರ. 1969ರ ಝಡ್50ಎಗೆ 8 ಇಂಚು, ಮುಂದೆ ಮಾತ್ರ ಸಸ್ಪೆನ್ಷನ್. ಹಿಂದೆಯೂ ಶಾಕ್ ಅಬ್ಸಾರ್ಬರ್ ಬಂದದ್ದು 1974ರ ಝಡ್50ಜೆಯಲ್ಲಿ. ನೆಟ್‌ನಲ್ಲಿ ಇವೆಲ್ಲ ಒಂದೇ ಹೆಸರಲ್ಲಿ ಬೆರೆತು ಸಿಗುತ್ತವೆ. ಹಿಂದಿನ ಶಾಕ್ ಕಾಣದ ಫೋಟೊ ಇದ್ದರೆ ನಿಮ್ಮ ಫೈಲಿನಿಂದ ತೆಗೆದುಹಾಕಿ.

ಈಗ ಪ್ರಿಂಟರ್. ಬೇಡ. ನೀವು ಬರೆದುಕೊಟ್ಟದ್ದನ್ನೇ ಅದು ಮಾಡುತ್ತದೆ. 160 ಬರೆದರೆ 160ಕ್ಕೇ ಮಾಡಿಕೊಡುತ್ತದೆ. ಮೇಲಾಗಿ ಪ್ಲಾಸ್ಟಿಕ್ ಎಳೆ ಕರಗಿಸಿ ಪದರ ಪದರವಾಗಿ ಕಟ್ಟುವ ಸಾಧಾರಣ ಫಿಲಮೆಂಟ್ ಪ್ರಿಂಟರಿನಲ್ಲಿ 0.2 ಮಿ.ಮೀ. ಪದರದ ಗೆರೆಗಳು ಟ್ಯಾಂಕಿನಂಥ ಉಬ್ಬು ಮೈಯಲ್ಲಿ ಎದ್ದು ಕಾಣುತ್ತವೆ, ಕೊನೆಗೆ ಉಜ್ಜುವುದು ನಿಮ್ಮ ಕೈಯೇ. ತಮಿಯಾ ಕಂಪನಿಯ 1:6 ಮಂಕಿ ಕಿಟ್ ನಿಜಕ್ಕೂ ಒಳ್ಳೆಯದು. ಚೆಂದದ ಮಾದರಿ ಶೋಕೇಸಿನಲ್ಲಿ ಇರಬೇಕು ಅನ್ನುವುದಷ್ಟೇ ಆಸೆಯಾದರೆ ಅದನ್ನೇ ತರಿಸಿ. ಆದರೆ ನೀವು 'ಮಾಡಬೇಕು' ಅಂತ ಬರೆದಿದ್ದೀರಿ. ಇನ್ನು 1:12 ಯೋಚನೆಯನ್ನೇ ಬಿಡಿ. ಈ ಗಾಡಿ ಮೊದಲೇ ಚಿಕ್ಕದು, 1:12ರಲ್ಲಿ ಕೇಬಲ್ 0.4 ಮಿ.ಮೀ. ಆಗುತ್ತದೆ, ಕೈಯಲ್ಲಿ ಬಗ್ಗಿಸಿ ಆಕಾರ ಕೊಡಲು ಆಗುವುದಿಲ್ಲ. 1:6ರಲ್ಲಿ ಇಡೀ ಗಾಡಿ ಒಂದು ಎ4 ಹಾಳೆಯ ಮೇಲೆ ಕೂರುತ್ತದೆ, ಅದೇ ದೊಡ್ಡ ಅನುಕೂಲ.

ಆ ಎ4 ಹಾಳೆಯೇ ನಿಮ್ಮ ಜಿಗ್, ಅಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚು. ಪಕ್ಕನೋಟ ಬರೆದು, ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದು ಪ್ರಿಂಟ್ ಕೊಡಿ. ಜೆರಾಕ್ಸ್ ಅಂಗಡಿಯವರು 'ಫಿಟ್ ಟು ಪೇಜ್' ಇಟ್ಟಿದ್ದರೆ ಚಿತ್ರ ಕುಗ್ಗಿಬಿಡುತ್ತದೆ. ಅಂಗಡಿಯಲ್ಲೇ ಆ ಗೆರೆ ಅಳೆದು ನೋಡಿ. ಹಾಳೆಯನ್ನು ಪ್ಲೈವುಡ್ಡಿಗೆ ಅಂಟಿಸಿ ಆಕ್ಸಲ್ ಜಾಗದಲ್ಲಿ ಎರಡು ಮೊಳೆ ಹೊಡೆಯಿರಿ, ನಡುವೆ 149. ಹಿತ್ತಾಳೆ ಕೊಳವೆಯ ಫ್ರೇಮನ್ನು ಇದರ ಮೇಲೇ ಬೆಸೆಯಬೇಕು. 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲದು, ಹಿತ್ತಾಳೆ ಶಾಖವನ್ನು ಎಳೆದುಕೊಂಡುಬಿಡುತ್ತದೆ. 60 ವ್ಯಾಟ್ ಇರಲಿ, ಬೆಸುಗೆ ಚೆನ್ನಾಗಿ ಹಿಡಿಯುವಂತೆ ಮಾಡುವ ಫ್ಲಕ್ಸ್ ಧಾರಾಳವಾಗಿ ಹಚ್ಚಿ. ಭಾರ ಹೊರುವ ಕೀಲುಗಳಲ್ಲಿ 1 ಮಿ.ಮೀ. ತೂತು ಕೊರೆದು ಒಂದು ತಂತಿ ತುಂಡು ಸಿಕ್ಕಿಸಿ ಬೆಸೆಯಿರಿ. ಬರೀ ಬೆಸುಗೆಯನ್ನೇ ನಂಬಿದರೆ ಪಕ್ಕದ ಕೀಲು ಬೆಸೆಯುವಾಗ ಮೊದಲನೆಯದು ಕರಗಿ ಬಿಟ್ಟುಕೊಳ್ಳುತ್ತದೆ.

ಆದರೆ ಫ್ರೇಮಿಗೂ ಮೊದಲು ಟೈರ್. ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ ಹಗುರ ಪ್ಲಾಸ್ಟಿಕ್ ಹಲಗೆಯಾದ ಸನ್‌ಬೋರ್ಡ್ ಕತ್ತರಿಸಿ ಉಳಿದ ಚೂರುಗಳು ಸಿಗುತ್ತವೆ. ಹೋಲ್‌ಸಾದಲ್ಲಿ (ಡ್ರಿಲ್ಲಿಗೆ ಹಾಕುವ ಬಳೆಯಾಕಾರದ ಗರಗಸ) ಬಿಲ್ಲೆ ಕೊರೆಯಿರಿ. 64 ನಂಬರಿನ ಹೋಲ್‌ಸಾ ತಗೊಂಡರೆ ಬಿಲ್ಲೆ 60 ಬಂದು ಕೆಲಸ ಕೆಡುತ್ತದೆ, ಯಾಕೆಂದರೆ ನಂಬರ್ ಇರುವುದು ತೂತಿಗೆ. ಬಿಲ್ಲೆ ಎರಡು ಬ್ಲೇಡ್ ದಪ್ಪದಷ್ಟು ಕಮ್ಮಿ. 68 ತಗೊಳ್ಳಿ. ಒಂದು ಟೈರಿಗೆ ಮೂರು ಬಿಲ್ಲೆ, ಒಟ್ಟು 15 ಮಿ.ಮೀ. ದಪ್ಪ, ಮೂರೂವರೆ ಇಂಚನ್ನು ಆರರಿಂದ ಭಾಗಿಸಿದರೆ ಬರುವುದೂ ಅಷ್ಟೆ. ಪೈಲಟ್ ಡ್ರಿಲ್ ಬಿಟ್ಟ ನಡುತೂತಿಗೆ 6 ಮಿ.ಮೀ. ಬೋಲ್ಟ್ ಹಾಕಿ, ನಟ್ ಬಿಗಿದು, ಡ್ರಿಲ್ ಮಷೀನಿಗೆ ಸಿಕ್ಕಿಸಿ ತಿರುಗಿಸುತ್ತಾ ಸ್ಯಾಂಡ್‌ಪೇಪರಿನಲ್ಲಿ ಅಂಚು ಗುಂಡಗೆ ಮಾಡಿ. 62ಕ್ಕೆ ನಿಲ್ಲಿಸಿ. ಸೈಕಲ್ ಟ್ಯೂಬಿನಿಂದ 3 ಮಿ.ಮೀ. ಚೌಕ ಕತ್ತರಿಸಿ ಅರ್ಧ ದಪ್ಪಕ್ಕೆ ಉಜ್ಜಿ ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಬಟನ್ ಟ್ರೆಡ್ (ಟೈರಿನ ಮೇಲಿನ ಚೌಕ ಉಬ್ಬುಗಳು) ಆಗುತ್ತದೆ, ಆಗ ಅಳತೆ 63ಕ್ಕೆ ಬಂದು ನಿಲ್ಲುತ್ತದೆ. ಡ್ರಿಲ್ಲಿನಲ್ಲಿ ಬರದಿದ್ದರೆ ಕೆಜಿಎಫ್ ಕಡೆ ಹೋಗಿ ಕೇಳಿ. ಗಣಿಯೂ ಬೆಮಲ್ಲೂ ಬೆಳೆಸಿದ ಊರು, ಲೇತ್ ಕೆಲಸ ಬಲ್ಲವರಿಗೆ ಅಲ್ಲಿ ಬರವಿಲ್ಲ.

ರಿಮ್ 34 ಮಿ.ಮೀ. ಅಸಲಿ ಗಾಡಿಯಲ್ಲಿ ಅದು ಒತ್ತಿದ ತಗಡಿನ ಎರಡು ಭಾಗ ಸೇರಿಸಿ ಬೋಲ್ಟ್ ಹಾಕಿದ್ದು, ಮಧ್ಯದ ಆ ಗೀರು ಕಾಣುವಂತೆ ಬಿಡಿ. ಆಕ್ಸಲಿಗೆ ಸೈಕಲ್ ಕಡ್ಡಿ, 2 ಮಿ.ಮೀ., ಹೊಳಪೂ ಬಂದೇ ಇರುತ್ತದೆ.

ಹ್ಯಾಂಡಲ್ ಪೈಪು 22.2 ಮಿ.ಮೀ., ಅಂದರೆ 3.7. ಇದಕ್ಕೆ ಕಂಬದಿಂದ ಮೀಟರಿಗೆ ಎಳೆಯುವ ಅಲ್ಯೂಮಿನಿಯಂ ಸರ್ವಿಸ್ ವೈರ್ ಇದೆಯಲ್ಲ, 10 ಸ್ಕ್ವೇರ್ ಎಂಎಂ ಒಂಟಿ ತಂತಿಯದು, ಅದನ್ನು ತನ್ನಿ. ಸಿಪ್ಪೆ ಸುಲಿದರೆ ಒಳಗೆ 3.57 ಮಿ.ಮೀ. ದಪ್ಪದ ತಂತಿ. ಕೈಯಲ್ಲೇ ಬಗ್ಗುತ್ತದೆ, 1000 ನಂಬರ್ ಪೇಪರ್ ಹೊಡೆದು ಮೆಟಲ್ ಪಾಲಿಶ್ ಹಾಕಿದರೆ ಯಾವ ಕ್ರೋಮ್ ಸ್ಪ್ರೇಗಿಂತಲೂ ಚೆನ್ನ. ಇಕ್ಕಳದಲ್ಲಿ ನೇರ ಹಿಡಿಯಬೇಡಿ, ಹಲ್ಲಿನ ಗುರುತು ಬಿದ್ದರೆ ಹೋಗುವುದಿಲ್ಲ. ಸಾಮಾನ್ಯ ಬೆಸುಗೆ ಇದಕ್ಕೆ ಹಿಡಿಯುವುದಿಲ್ಲ, ಪಿನ್ ಹಾಕಿ ಅರಾಲ್ಡೈಟ್‌ನಲ್ಲಿ ಕೂರಿಸಿ. ಕಾರಿನ ಡಿಕ್ಕಿಯಲ್ಲಿ ಹಿಡಿಸಲೆಂದೇ ಮಂಕಿಯ ಹ್ಯಾಂಡಲ್ ಎರಡು ತುಂಡಾಗಿ ಮಡಚುತ್ತದೆ, ಬುಡದಲ್ಲಿ ತಿರುಗಿಸುವ ಗುಬಟುಗಳಿವೆ. ಅವನ್ನು ಬಿಟ್ಟರೆ ಗಾಡಿ ಬಲ್ಲವರು ಮೊದಲು ಕೇಳುವುದೇ ಅದನ್ನು.

ಇಂಜಿನ್ನಿಗೆ ಫೋಟೊಗಿಂತ ಒಳ್ಳೆಯದು ನಿಮ್ಮ ಬೀದಿಯಲ್ಲೇ ಇದೆ. ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ 2013ರಿಂದ ಗಾಡಿ ತಯಾರಾಗುತ್ತಿದ್ದರೂ ಹಳೆ ಮಂಕಿ ಇಲ್ಲಿ ನೋಡಲು ಸಿಗುವುದಿಲ್ಲ. ಆದರೆ ಯಾವ ಮೆಕ್ಯಾನಿಕ್ ಅಂಗಡಿಯಲ್ಲೂ ಬಿಚ್ಚಿಟ್ಟ ಸ್ಪ್ಲೆಂಡರ್ ಇಂಜಿನ್ ಇರುತ್ತದೆ, ಅದೂ ಹೋಂಡಾದ ಇದೇ ಮಲಗಿಸಿದ ಸಿಲಿಂಡರಿನ ಮನೆತನದ್ದು. ಅದು 97 ಸಿಸಿ, ಮಂಕಿಯದು 49 ಸಿಸಿ. ಹಾಗಾಗಿ ಅಳತೆಯನ್ನು ಅಲ್ಲಿಂದ ತಗೋಬೇಡಿ, ಜೋಡಣೆ ನೋಡಿಕೊಳ್ಳಿ: ಸಿಲಿಂಡರ್ ಮುಂದಕ್ಕೆ ಹೇಗೆ ಚಾಚಿದೆ, ಎಡಕ್ಕೆ ಮ್ಯಾಗ್ನೆಟ್ ಕವರ್ ಮತ್ತು ಚೈನು, ಬಲಕ್ಕೆ ಕ್ಲಚ್ ಕವರ್. ಫಿನ್‌ಗಳಿಗೆ (ಸಿಲಿಂಡರ್ ತಣ್ಣಗಾಗಲು ಇರುವ ತೆಳು ರೆಕ್ಕೆಗಳು) ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ದೊಡ್ಡ, ಒಂದು ಚಿಕ್ಕ ತುಂಡಿನಂತೆ ಪೇರಿಸಿ. ನಡುವೆ ತಂತಿ ತೂರಿಸಿದರೆ ಸಾಲು ಸೊಟ್ಟ ಆಗುವುದಿಲ್ಲ.

ಟ್ಯಾಂಕು, ಸೀಟು ಎರಡಕ್ಕೂ ಸನ್‌ಬೋರ್ಡ್ ಪೇರಿಸಿ ಕೆತ್ತಿ, ಮೇಲೆ ಎಂ-ಸೀಲ್. ಒದ್ದೆ ಬೆರಳಲ್ಲಿ ಸವರಿದರೆ ನಯವಾಗುತ್ತದೆ, ಪೂರ್ತಿ ಗಟ್ಟಿಯಾಗಲು ರಾತ್ರಿಯಿಡೀ ಬಿಟ್ಟು ಆಮೇಲೆ ಉಜ್ಜಿ. ಸ್ಪ್ರೇ ಡಬ್ಬಿಯ ಥಿನ್ನರ್ ಸನ್‌ಬೋರ್ಡಿನ ಕತ್ತರಿಸಿದ ಅಂಚನ್ನು ತಿನ್ನುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಎರಡು ಕೈ ಹೊಡೆದು ಒಣಗಿಸಿ, 320 ನಂಬರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್, 600 ನಂಬರ್ ಪೇಪರ್, ಆಮೇಲೆ ಬಣ್ಣ. ಒಂದು ಗೇಣು ದೂರದಿಂದ ತೆಳುವಾಗಿ ಹೊಡೆಯಿರಿ. ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆ ಹಿಡಿದ ದಿನ ಬಣ್ಣದ ಕೆಲಸ ಬೇಡ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ತೇವ ಕೂತು ಬಿಳಿ ಮಂಜು ಹಿಡಿಯುತ್ತದೆ.

ಹೊಳೆಯುವ ಭಾಗಗಳ ಹತ್ತಿರ ಫೆವಿಕ್ವಿಕ್ ಬಳಸಬೇಡಿ, ಅದರ ಹೊಗೆಯೂ ಬಿಳಿ ಕಲೆ ಬಿಡುತ್ತದೆ. ಅಲ್ಲಿಗೆ ಅರಾಲ್ಡೈಟ್ ಸಾಕು.

ಕೇಬಲ್‌ಗಳು ಕೊನೆಗೆ. ಲ್ಯಾನ್ ಕೇಬಲಿನ ಒಳತಂತಿ ಸಿಪ್ಪೆ ಸಮೇತ 0.9 ಮಿ.ಮೀ. ಇರುತ್ತದೆ, ಸರಿಯಾಗಿ ಹೊಂದುತ್ತದೆ. ಒಳಗೆ ಗಟ್ಟಿ ತಾಮ್ರ ಇರುವುದರಿಂದ ಬಗ್ಗಿಸಿದಂತೆ ನಿಲ್ಲುತ್ತದೆ. ಪೇಂಟ್ ಹಚ್ಚಿದರೆ ಬಗ್ಗಿಸುವಾಗ ಬಿರಿಯುತ್ತದೆ, ಕಪ್ಪು ಪರ್ಮನೆಂಟ್ ಮಾರ್ಕರಿನಲ್ಲಿ ತೀಡಿ. ಕತ್ತರಿಸುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಲ್ಲೂ ಎಳೆಯಬಾರದು. ಅಷ್ಟು ಸಡಿಲ ಬಿಟ್ಟು ಆಮೇಲೆ ಕತ್ತರಿ ಹಾಕಿ.